ಹೇಗೂ ಬೀಳುವ ಹಲ್ಲಲ್ಲವೇ, ಡಾಕ್ಟರೇ?

ಮಕ್ಕಳ ಹಲ್ಲಿನ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಕನ್ನಡ ಮನೆಗಳಿಂದ ಬಂದಿವೆ. ಓಝರ್‌ನ ಎಚ್‌ಎಎಲ್ ಕಾರ್ಖಾನೆಗೆ ಬೆಂಗಳೂರಿನಿಂದ ವರ್ಗವಾಗಿ ಹೋದವರು, ಸಾತಪೂರ, ವಾಳೂಜ್‌ಗಳಲ್ಲಿ ದುಡಿಯಲು ಬೀದರ್, ಕಲಬುರಗಿ, ವಿಜಯಪುರದ ಕಡೆಯಿಂದ ಹೋದವರು, ಎರಡು ತಲೆಮಾರಿನಿಂದ ಅಲ್ಲೇ ನೆಲೆಸಿದವರು. ಊರಿಂದ ದೂರವಿರುವ ಮನೆಯಲ್ಲಿ ನಡುರಾತ್ರಿ ಮಗು ಹಲ್ಲುನೋವೆಂದು ಎದ್ದು ಕೂತರೆ ಕೇಳಲು ಪಕ್ಕದಲ್ಲಿ ಅಕ್ಕನೂ ಇಲ್ಲ, ಚಿಕ್ಕಮ್ಮನೂ ಇಲ್ಲ. ಫೋನು ಮಾಡಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಹೆಸರು ಬೇಡ ಎಂದವರೇ ಹೆಚ್ಚು, ಆದ್ದರಿಂದ ಊರು ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ಮೇಲಿನ ಮುಂದಿನ ನಾಲ್ಕು ಹಲ್ಲು ಒಸಡಿನ ಹತ್ತಿರ ಮೊದಲು ಸುಣ್ಣದ ಬಣ್ಣಕ್ಕೆ ತಿರುಗಿದವು. ಈಗ ಕಂದಾಗಿ ಅಂಚು ಉದುರುತ್ತಿದೆ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಾಳೆ. "ಹಾಲುಹಲ್ಲು, ಹೇಗೂ ಬೀಳುತ್ತವೆ, ಬಿಡು" ಅನ್ನುತ್ತಾರೆ ಮನೆಯಲ್ಲಿ. ಕೆಳಗಿನ ಹಲ್ಲು ಚೆನ್ನಾಗಿಯೇ ಇವೆ, ಅದು ಹೇಗೆ? ತಪ್ಪು ನನ್ನದೇ ಅನ್ನಿಸಿ ನಿದ್ದೆ ಬರುತ್ತಿಲ್ಲ.
— ಸಾತಪೂರ, ನಾಸಿಕ್

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಷಯ. ಅಳುವ ಮಗುವಿಗೆ ಹಾಲು ಕೊಟ್ಟು ಮಲಗಿಸಿದ್ದೀರಿ, ಅಷ್ಟೇ. ಹಲ್ಲು ಮೂಡಿದ ಮೇಲೆ ರಾತ್ರಿ ಬಾಟಲಿ ಬೇಡ ಎಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಲಸಿಕೆಗೆ ಹೋದಾಗ ಮಗುವಿನ ತೂಕ ನೋಡುತ್ತಾರೆ, ಎತ್ತರ ನೋಡುತ್ತಾರೆ, ತುಟಿ ಎತ್ತಿ ಹಲ್ಲು ನೋಡುವವರು ಕಡಿಮೆ. ನೀವೇ ನೋಡಿ ಕಂಡುಕೊಂಡಿದ್ದೀರಿ. ಮಗಳಿಗೆ ಇನ್ನೂ ಎರಡೂವರೆ ತುಂಬಿಲ್ಲ, ಉಳಿಸಿಕೊಳ್ಳುವುದು ಬಹಳಷ್ಟಿದೆ.

ಆಗಿರುವುದು ಇಷ್ಟು. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಎನಾಮಲ್‌ನಲ್ಲಿರುವ (ಹಲ್ಲಿನ ಮೇಲಿನ ಗಟ್ಟಿ ಬಿಳಿ ಹೊದಿಕೆ) ಖನಿಜವನ್ನು ಕರಗಿಸುತ್ತದೆ. ಹಗಲಿನಲ್ಲಿ ಜೊಲ್ಲು ಆಮ್ಲವನ್ನು ತೊಳೆದು, ಕರಗಿದ ಖನಿಜವನ್ನು ಸ್ವಲ್ಪ ಮಟ್ಟಿಗೆ ತಿರುಗಿ ತುಂಬುತ್ತದೆ. ನಿದ್ದೆಯಲ್ಲಿ ಜೊಲ್ಲು ಊರುವುದು ತೀರಾ ಕಡಿಮೆ, ನುಂಗುವುದೂ ಕಡಿಮೆ. ಸಿಹಿ ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ಗಂಟೆಗಟ್ಟಲೆ ನಿಂತುಬಿಡುತ್ತದೆ. ಕೆಳಗಿನ ಹಲ್ಲುಗಳನ್ನು ನಾಲಿಗೆ ಕಾಪಾಡಿದೆ: ಮಗು ಚೀಪುವಾಗ ನಾಲಿಗೆ ಮುಂದೆ ಚಾಚಿ ಅವನ್ನು ಮುಚ್ಚಿರುತ್ತದೆ, ಜೊಲ್ಲಿನ ಗ್ರಂಥಿಗಳೂ ಅದರ ಕೆಳಗೇ ಇವೆ. ಹಲ್ಲಿನೊಳಗೆ ಹುಳ ಇರುವುದಿಲ್ಲ. ಹುಳ ತೆಗೆದು ತೋರಿಸುತ್ತೇನೆ ಎನ್ನುವವರು ಸಂತೆಯಲ್ಲಿ ಸಿಕ್ಕರೆ ಹತ್ತಿರ ಹೋಗಬೇಡಿ.

ಇನ್ನು ಹೇಗೂ ಬೀಳುತ್ತವೆ ಅನ್ನುವ ಮಾತು. ಬೀಳುತ್ತವೆ, ನಿಜ. ಯಾವಾಗ ಎಂಬುದನ್ನು ನೋಡಬೇಕು. ಮುಂದಿನ ಹಾಲುಹಲ್ಲು ಆರರಿಂದ ಎಂಟು ವರ್ಷದೊಳಗೆ ಬೀಳುತ್ತವೆ, ದವಡೆಯವು ಹತ್ತು ಹನ್ನೆರಡರ ತನಕ ಇರಬೇಕು. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿಯುತ್ತೇವಲ್ಲ, ಹಾಲುಹಲ್ಲು ಕೆಳಗಿನಿಂದ ಬರುವ ಹಲ್ಲಿಗೆ ಹಾಗೆ ಜಾಗ ಹಿಡಿದಿರುತ್ತದೆ. ಬೇಗ ಹೋದರೆ ಪಕ್ಕದ ಹಲ್ಲು ಸರಿದು ಕೂರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡು ವರ್ಷದ ಮಗು ನೋವೆಂದು ಹೇಳಿಕೊಳ್ಳುವುದಿಲ್ಲ. ರೊಟ್ಟಿ ಬೇಡ ಎನ್ನುತ್ತದೆ, ಮೆತ್ತಗಿನದನ್ನೇ ಕೇಳುತ್ತದೆ, ತೂಕ ನಿಲ್ಲುತ್ತದೆ. ಮನೆಯವರು ಹಟ ಎಂದುಕೊಳ್ಳುತ್ತಾರೆ.

ಬಾಟಲಿಯನ್ನು ಒಂದೇ ರಾತ್ರಿಯಲ್ಲಿ ಕಸಿದುಕೊಳ್ಳಬೇಡಿ. ಈ ವಾರ ಸಕ್ಕರೆ ನಿಲ್ಲಿಸಿ. ಆಮೇಲೆ ದಿನ ದಿನಕ್ಕೆ ಮಲಗುವ ಹೊತ್ತಿನ ಹಾಲಿಗೆ ನೀರು ಹೆಚ್ಚಿಸುತ್ತಾ ಹೋಗಿ, ಹತ್ತು ಹದಿನೈದು ದಿನದಲ್ಲಿ ಬಾಟಲಿಯಲ್ಲಿ ಬರೀ ನೀರಿರಲಿ. ಬರೀ ನೀರಿನ ಬಾಟಲಿಯ ಮೇಲೆ ಮಕ್ಕಳಿಗೆ ಮೋಹ ಉಳಿಯುವುದಿಲ್ಲ. ಹಾಲನ್ನು ಊಟದ ಜೊತೆ ಲೋಟದಲ್ಲಿ ಕೊಡಿ. ಎರಡು ಮೂರು ರಾತ್ರಿ ಅಳಬಹುದು, ಮನೆಯವರೆಲ್ಲ ಮೊದಲೇ ಮಾತಾಡಿಕೊಂಡಿರಿ, ಇಲ್ಲದಿದ್ದರೆ ಯಾರೋ ಒಬ್ಬರು ಕರಗಿ ಬಾಟಲಿ ತುಂಬುತ್ತಾರೆ. (ಎದೆಹಾಲು ಕುಡಿಸುತ್ತಿರುವ ತಾಯಂದಿರು ಇದನ್ನು ಓದಿ ಹಾಲು ಬಿಡಿಸಬೇಡಿ. ಒಂದು ವರ್ಷ ದಾಟಿದ ಮಗು ರಾತ್ರಿಯಿಡೀ ಮೊಲೆ ಬಾಯಲ್ಲಿಟ್ಟುಕೊಂಡು ಮಲಗುವ ರೂಢಿಯನ್ನು ಮಾತ್ರ ಮೆಲ್ಲಗೆ ತಪ್ಪಿಸಿ.)

ದಿನಕ್ಕೆ ಎರಡು ಸಲ ಹಲ್ಲುಜ್ಜಿಸಿ, ಒಂದೇ ಸಲ ಆಗುವುದೆಂದರೆ ಆ ಸಲ ರಾತ್ರಿಯದಾಗಿರಲಿ. ಮಗುವಿನ ತಲೆ ನಿಮ್ಮ ತೊಡೆಯ ಮೇಲಿರಲಿ, ಆಗ ಒಳಗೆಲ್ಲ ಕಾಣುತ್ತದೆ. ತುಟಿ ಎತ್ತಿ ಒಸಡಿನ ಅಂಚನ್ನೂ ಉಜ್ಜಿ. ಫ್ಲೋರೈಡ್ ಇರುವ ಪೇಸ್ಟು ಒಂದು ಅಕ್ಕಿಕಾಳಿನಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನ ತುಂಬ ಸುರುಳಿ ಹಾಕಿ ತೋರಿಸುವುದು ಪೇಸ್ಟು ಬೇಗ ಖರ್ಚಾಗಲಿ ಎಂದು. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು.

ವೈದ್ಯರಿಗೆ ಈ ವಾರವೇ ತೋರಿಸಿ. ಪಂಚವಟಿಯಲ್ಲಿರುವ ಮಹಾತ್ಮಾ ಗಾಂಧಿ ವಿದ್ಯಾಮಂದಿರದ ಕೆ.ಬಿ.ಎಚ್. ದಂತ ಮಹಾವಿದ್ಯಾಲಯಕ್ಕೆ ಹೋಗಿ ಮಕ್ಕಳ ದಂತ ವಿಭಾಗವನ್ನು ಕೇಳಿ. ಬರೀ ಬಿಳಿಯಾಗಿರುವ ಜಾಗಕ್ಕೆ ಫ್ಲೋರೈಡ್ ವಾರ್ನಿಶ್ (ಹಲ್ಲಿಗೆ ಬಳಿಯುವ ಅಂಟಾದ ಔಷಧಿ) ಹಚ್ಚಿದರೆ ಅಲ್ಲಿಗೇ ನಿಲ್ಲಬಹುದು. ಕಂದಾದ ಕುಳಿಗೆ ಸಿಲ್ವರ್ ಡೈಅಮೀನ್ ಫ್ಲೋರೈಡ್ (ಹುಳುಕು ಮುಂದುವರಿಯದಂತೆ ತಡೆಯುವ, ಬೆಳ್ಳಿಯ ಅಂಶವಿರುವ ದ್ರವ) ಹಚ್ಚುವುದುಂಟು. ಅದಕ್ಕೆ ಕೊರೆಯುವುದು ಬೇಡ, ಚುಚ್ಚುವುದು ಬೇಡ. ಹಚ್ಚಿದ ಜಾಗ ಕಪ್ಪಾಗಿ ಹಾಗೆಯೇ ಉಳಿಯುತ್ತದೆ, ಅದನ್ನು ಮೊದಲೇ ಮನೆಯವರಿಗೆ ಹೇಳಿಡಿ. ನನ್ನನ್ನು ಕೇಳಿದರೆ, ಈ ವಯಸ್ಸಿನಲ್ಲಿ ನೋಯುವ ಬಿಳಿ ಹಲ್ಲಿಗಿಂತ ನೋಯದ ಕಪ್ಪು ಹಲ್ಲೇ ಮೇಲು.

ಪ್ರಶ್ನೆ: ಮಗನಿಗೆ ಒಂಬತ್ತು ತಿಂಗಳು. ಕೆಳಗಿನವು ಬರುವ ಮೊದಲೇ ಮೇಲಿನ ಹಲ್ಲು ಬಂದಿವೆ. ಸೋದರಮಾವನಿಗೆ ಕೇಡು ಎಂದು ಅತ್ತೆ ಹೇಳುತ್ತಾರೆ. ನನಗಿರುವುದು ಒಬ್ಬನೇ ತಮ್ಮ. ಅದರ ಮೇಲೆ ಮೂರು ದಿನದಿಂದ ಮಗುವಿಗೆ ಜ್ವರ, ಭೇದಿ. ಹಲ್ಲು ಬರುವಾಗ ಹೀಗೇ ಎನ್ನುತ್ತಾರೆ. ಒಸಡಿಗೆ ಹಚ್ಚುವ ಜೆಲ್ ತರಲೇ?
— ವಾಳೂಜ್, ಛತ್ರಪತಿ ಸಂಭಾಜಿನಗರ

ಉತ್ತರ: ನಿಮ್ಮ ತಮ್ಮನಿಗೆ ಏನೂ ಆಗುವುದಿಲ್ಲ. ಅತ್ತೆಯವರ ಮಾತಿಗೆ ಆಮೇಲೆ ಬರುತ್ತೇನೆ, ಮೊದಲು ಮಗುವಿನ ಜ್ವರ. ಹಲ್ಲು ಮೂಡುವಾಗ ಜೊಲ್ಲು ಸುರಿಯುತ್ತದೆ, ಮಗು ರೇಗುತ್ತದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ಮೈ ತುಸು ಬೆಚ್ಚಗಾಗಬಹುದು. ಮೂರು ದಿನದ ಜ್ವರ ಮತ್ತು ಭೇದಿ ಹಲ್ಲಿನಿಂದ ಬರುವುದಲ್ಲ. ಆರು ತಿಂಗಳಾದ ಮೇಲೆ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇಳಿಯುತ್ತಾ ಬರುತ್ತದೆ, ಅದೇ ಹೊತ್ತಿಗೆ ಮಗು ನೆಲದಲ್ಲಿದ್ದುದನ್ನೆಲ್ಲ ಬಾಯಿಗೆ ಹಾಕಲು ಶುರುಮಾಡುತ್ತದೆ. ಹಲ್ಲು ಬರುವುದೂ ಆಗಲೇ ಆದ್ದರಿಂದ ತಪ್ಪು ಹಲ್ಲಿನ ತಲೆಗೆ ಬೀಳುತ್ತದೆ. ಹಲ್ಲಿನ ಜ್ವರ ಎಂದು ಕಾಯುತ್ತಾ ಕೂತು ಮಗುವಿನ ಮೈಯ ನೀರು ಆರಿಹೋದರೆ ಅಪಾಯ. ಓಆರ್‌ಎಸ್ ಕುಡಿಸುತ್ತಾ ಇವತ್ತೇ ಮಕ್ಕಳ ವೈದ್ಯರಲ್ಲಿಗೆ ಹೋಗಿ.

ಜೆಲ್ ಬೇಡ. ಮರಗಟ್ಟಿಸುವ ಕೆಲವು ಜೆಲ್‌ಗಳಲ್ಲಿ ಬೆಂಜೊಕೇನ್ ಇರುತ್ತದೆ. ಅದು ಅಪರೂಪಕ್ಕೆ ಎಳೆ ಮಕ್ಕಳಲ್ಲಿ ರಕ್ತ ಆಮ್ಲಜನಕ ಸಾಗಿಸುವುದನ್ನೇ ಕೆಡಿಸುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಬಳಸಬಾರದೆಂದು 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೇ ಎಚ್ಚರಿಸಿತು. ಲವಂಗದ ಎಣ್ಣೆ ಎಳೆ ಒಸಡನ್ನು ಸುಡುತ್ತದೆ. ಒಂದು ವರ್ಷದೊಳಗೆ ಜೇನುತುಪ್ಪವನ್ನೂ ನೆಕ್ಕಿಸಬಾರದು. ಕೈ ತೊಳೆದುಕೊಂಡು ಬೆರಳಿನಿಂದ ಒಸಡು ತಿಕ್ಕಿ, ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಕಚ್ಚಲು ಕೊಡಿ, ಸಾಕು.

ಸಾಮಾನ್ಯವಾಗಿ ಆರನೇ ತಿಂಗಳ ಸುಮಾರಿಗೆ ಕೆಳಗಿನ ಎರಡು ಹಲ್ಲು ಮೊದಲು ಬರುತ್ತವೆ, ಕೆಲವು ಮಕ್ಕಳಿಗೆ ಕ್ರಮ ಬದಲಾಗುತ್ತದೆ. ಒಂದೂವರೆ ವರ್ಷವಾದರೂ ಒಂದೂ ಮೂಡದಿದ್ದರೆ ತೋರಿಸಬೇಕು, ಮೇಲೆ ಕೆಳಗೆ ಎಂಬುದಕ್ಕೆ ಅರ್ಥವಿಲ್ಲ. ಅತ್ತೆಯವರ ಸಮಾಧಾನಕ್ಕೆ ಏನಾದರೂ ಶಾಸ್ತ್ರ ಮಾಡಬೇಕೆಂದಿದ್ದರೆ ಮಾಡಲಿ, ಮಗುವಿನ ಬಾಯಿಗೆ ಏನೂ ಹಾಕದಿದ್ದರಾಯಿತು. ತಮ್ಮನನ್ನೂ ಕರೆಸಿ. ಸೋದರಳಿಯನನ್ನು ನೋಡಿ ಹೋಗಲು ಒಂದು ನೆಪ.

ಪ್ರಶ್ನೆ: ನಮ್ಮದು ಗದಗ ಜಿಲ್ಲೆ, ಮುಂಡರಗಿ ತಾಲ್ಲೂಕು. ನನ್ನ ಹಲ್ಲು, ಅಣ್ಣನ ಹಲ್ಲು ಎಲ್ಲ ಕಂದು ಪಟ್ಟೆ. ನೀರಿನ ಫ್ಲೋರೈಡ್‌ನಿಂದ ಹಾಗಾಯಿತು ಎಂದು ದೊಡ್ಡವರಾದ ಮೇಲೆ ತಿಳಿಯಿತು. ನಗುವಾಗ ಕೈ ಅಡ್ಡ ಹಿಡಿಯುವುದು ಇನ್ನೂ ಬಿಟ್ಟಿಲ್ಲ. ಈಗ ಚಿಕಲಠಾಣಾ ಹತ್ತಿರ ಇದ್ದೇವೆ. ನಲ್ಲಿ ನೀರು ಕೆಲವು ದಿನಕ್ಕೊಮ್ಮೆ, ನಡುವೆ ಬೋರ್‌ವೆಲ್, ಟ್ಯಾಂಕರ್, ಜಾರ್. ನಾಲ್ಕು ವರ್ಷದ ಮಗನಿಗೆ ಫ್ಲೋರೈಡ್ ಪೇಸ್ಟೇ ಹಾಕಿ ಎನ್ನುತ್ತಾರೆ ಡಾಕ್ಟರು. ನಮ್ಮ ಹಲ್ಲು ಕೆಡಿಸಿದ್ದನ್ನೇ ಮಗನಿಗೂ ಕೊಡಲೇ?
— ಚಿಕಲಠಾಣಾ, ಛತ್ರಪತಿ ಸಂಭಾಜಿನಗರ

ಉತ್ತರ: ನಿಮ್ಮ ಹೆದರಿಕೆ ಅನುಭವದಿಂದ ಬಂದದ್ದು, ಅದನ್ನು ಒಂದು ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ಮುಂಡರಗಿ, ಪಾವಗಡದ ಕಡೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರು ಮಕ್ಕಳ ಹಲ್ಲನ್ನಷ್ಟೇ ಅಲ್ಲ, ದೊಡ್ಡವರ ಮೂಳೆಯನ್ನೂ ಕೆಡಿಸಿದೆ. ಮಹಾರಾಷ್ಟ್ರದಲ್ಲೂ ಯವತಮಾಳ, ಚಂದ್ರಪುರ, ನಾಂದೇಡದ ಕೆಲವು ಹಳ್ಳಿಗಳದು ಇದೇ ಕಥೆ. ಪೇಸ್ಟಿನಲ್ಲಿರುವುದೂ ಅದೇ ಫ್ಲೋರೈಡ್. ಆದರೆ ಎಷ್ಟು ಒಳಗೆ ಹೋಗುತ್ತದೆ, ಯಾವ ವಯಸ್ಸಿನಲ್ಲಿ ಹೋಗುತ್ತದೆ ಎಂಬುದರಲ್ಲಿ ಎಲ್ಲ ವ್ಯತ್ಯಾಸವೂ ಇದೆ.

ಲೆಕ್ಕ ಹಾಕೋಣ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಲೀಟರಿಗೆ 3 ಮಿಲಿಗ್ರಾಂ ಇರುವ ಬಾವಿಯ ನೀರನ್ನು ಮಗು ದಿನಕ್ಕೊಂದು ಲೀಟರ್ ಕುಡಿದರೆ 3 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. ಅದೂ ದಿನ ಬಿಡದೆ, ವರ್ಷಗಟ್ಟಲೆ. ಇನ್ನು ಪೇಸ್ಟು. 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಎಂದು ಬರೆದಿರುವ ಪೇಸ್ಟಿನಲ್ಲಿ ಗ್ರಾಮಿಗೆ 1 ಮಿಲಿಗ್ರಾಂ ಇರುತ್ತದೆ. ನಾಲ್ಕು ವರ್ಷದ ಮಗುವಿಗೆ ಬೇಕಾದ ಬಟಾಣಿ ಕಾಳಿನಷ್ಟು ಪೇಸ್ಟು ಸುಮಾರು ಕಾಲು ಗ್ರಾಂ. ಅಷ್ಟನ್ನೂ ನುಂಗಿಬಿಟ್ಟರೂ ಸಲಕ್ಕೆ ಕಾಲು ಮಿಲಿಗ್ರಾಂ. ಉಗಿಯಲು ಕಲಿತ ಮಗುವಾದರೆ ಅದರಲ್ಲೂ ಹೆಚ್ಚಿನದು ಹೊರಗೆ ಹೋಗುತ್ತದೆ.

ಎರಡನೆಯದು, ಪಟ್ಟೆ ಬೀಳುವ ಕಾಲ. ಕಾಯಂ ಮುಂದಿನ ಹಲ್ಲಿನ ಎನಾಮಲ್ ದವಡೆಯೊಳಗೆ ರೂಪುಗೊಳ್ಳುವುದು ಹುಟ್ಟಿದ ಕೆಲವೇ ತಿಂಗಳಿಂದ ನಾಲ್ಕೈದು ವರ್ಷದವರೆಗೆ. ನಿಮ್ಮ ಹಲ್ಲಿಗೆ ಪಟ್ಟೆ ಬಿದ್ದದ್ದು ಹಲ್ಲು ಹೊರಗೆ ಕಾಣುವ ಮೊದಲೇ, ಕುಡಿದ ನೀರಿನಿಂದ. ಹೊರಗೆ ಬಂದ ಹಲ್ಲಿನ ಮೇಲೆ ಪೇಸ್ಟಿನ ಫ್ಲೋರೈಡ್ ಮಾಡುವ ಕೆಲಸವೇ ಬೇರೆ: ಆಮ್ಲ ಕರಗಿಸಿದ ಜಾಗದಲ್ಲಿ ಖನಿಜ ಮತ್ತೆ ಕೂರುವಂತೆ ಮಾಡುತ್ತದೆ. ಆದ್ದರಿಂದ ಪೇಸ್ಟು ಬಿಡಬೇಡಿ. ಟ್ಯೂಬನ್ನು ಮಗನ ಕೈಗೆ ಕೊಡಬೇಡಿ. ಸ್ಟ್ರಾಬೆರಿ ರುಚಿಯ ಪೇಸ್ಟನ್ನು ಚೀಪುವ ಮಕ್ಕಳಿದ್ದಾರೆ.

ನಿಮ್ಮ ಪತ್ರದಲ್ಲಿ ನನಗೆ ಯೋಚನೆ ಹತ್ತಿಸಿದ್ದು ನೀರೇ. ಸಂಭಾಜಿನಗರದ ನಲ್ಲಿಗೆ ಬರುವುದು ಪೈಠಣದ ಜಾಯಕವಾಡಿ ಜಲಾಶಯದ ನೀರು, ನಾಸಿಕ್‌ಗೆ ಗಂಗಾಪುರ ಅಣೆಕಟ್ಟಿನದು. ಎರಡೂ ಗೋದಾವರಿಯದೇ. ಹೀಗೆ ಮೇಲೆ ನಿಂತ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ನಿಮ್ಮ ಸುತ್ತಲಿನ ನೆಲವೂ ಮುಂಡರಗಿಯಂಥದ್ದಲ್ಲ, ಅದು ಬಸಾಲ್ಟ್ (ಲಾವಾ ಆರಿ ಗಟ್ಟಿಯಾದ ಕಪ್ಪು ಕಲ್ಲು). ನಮ್ಮ ರಾಷ್ಟ್ರಕೂಟರು ವೇರೂಳದ (ಎಲ್ಲೋರದ) ಕೈಲಾಸವನ್ನು ಕಡೆಸಿದ್ದು ಅದೇ ಕಲ್ಲಿನಲ್ಲಿ. ಗ್ರಾನೈಟ್ ಜಾತಿಯ ಬಂಡೆಯ ನೆಲಕ್ಕೆ ಹೋಲಿಸಿದರೆ ಇಲ್ಲಿ ಭಯ ಕಡಿಮೆ. ಆದರೂ ಆಳದ ಬೋರ್‌ವೆಲ್ ನೀರನ್ನು ಊಹೆಯ ಮೇಲೆ ಮಗುವಿಗೆ ಕುಡಿಸಬೇಡಿ. ಮಹಾರಾಷ್ಟ್ರದ ಅಂತರ್ಜಲ ಸರ್ವೇಕ್ಷಣ ಇಲಾಖೆಗೆ ಜಿಲ್ಲಾ ಮಟ್ಟದಲ್ಲಿ ನೀರು ಪರೀಕ್ಷಿಸುವ ಪ್ರಯೋಗಾಲಯಗಳಿವೆ. ತೊಳೆದ ಬಾಟಲಿಯಲ್ಲಿ ನೀರು ಒಯ್ದು ಫ್ಲೋರೈಡ್ ಎಷ್ಟಿದೆ ಎಂದು ಬರೆಸಿಕೊಂಡು ಬನ್ನಿ. 1.5 ದಾಟಿದರೆ ಅದನ್ನು ಬಳಕೆಗಷ್ಟೇ ಇಟ್ಟುಕೊಂಡು, ಕುಡಿಯಲು ಅಡುಗೆಗೆ ನಲ್ಲಿಯದು ಅಥವಾ ಆರ್‌ಒ ನೀರು ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಪ್ರಮಾಣ ಏರುತ್ತದೆ.

ನಿಮ್ಮ ಹಲ್ಲಿನ ಪಟ್ಟೆಗೂ ಈಗ ಚಿಕಿತ್ಸೆ ಇದೆ. ಮಗನನ್ನು ಕರೆದೊಯ್ದ ದಿನ ನಿಮ್ಮದನ್ನೂ ಕೇಳಿ ನೋಡಿ.

ಪ್ರಶ್ನೆ: ನಾನು ಅಜ್ಜಿ. ನಮ್ಮದು ನಿಪ್ಪಾಣಿ ಕಡೆ, ಮಗನ ಮನೆಗೆ ಬಂದು ಏಳು ವರ್ಷವಾಯಿತು. ಹದಿನಾರರಿಂದ ಮಿಶ್ರಿ ತಿಕ್ಕುತ್ತೇನೆ, ತಿಕ್ಕದಿದ್ದರೆ ಹೊಟ್ಟೆ ಸಾಫ್ ಆಗುವುದಿಲ್ಲ. ಮೊನ್ನೆ ಮೂರು ವರ್ಷದ ಮೊಮ್ಮಗಳು ನನ್ನ ಡಬ್ಬಿಯಲ್ಲಿ ಬೆರಳದ್ದಿ ಹಲ್ಲಿಗೆ ತಿಕ್ಕಿಕೊಂಡು ವಾಂತಿ ಮಾಡಿಕೊಂಡಳು. ಸೊಸೆ ಮಾತು ಬಿಟ್ಟಿದ್ದಾಳೆ. ಈಗ ಈ ವಯಸ್ಸಿನಲ್ಲಿ ಬಿಡಲಾದೀತೇ?
— ನಾಸಿಕ್ ರೋಡ್

ಉತ್ತರ: ಅಮ್ಮಾ, ನೀವೇ ಕೂತು ಈ ಪತ್ರ ಬರೆಸಿದ್ದೀರಿ ಎಂದರೆ ಅರ್ಧ ದಾರಿ ನಡೆದಿದ್ದೀರಿ. ಮೊಮ್ಮಗಳು ಈಗ ಆರಾಮಾಗಿದ್ದರೆ ಹೆದರಬೇಡಿ. ಇನ್ನೊಮ್ಮೆ ಹೀಗಾಗಿ ವಾಂತಿ ನಿಲ್ಲದಿದ್ದರೆ, ಮಗು ಮಂಕಾದರೆ, ಬೆವರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಿಶ್ರಿ ಎಂದರೆ ಹುರಿದು ಪುಡಿ ಮಾಡಿದ ತಂಬಾಕೇ ತಾನೆ, ಅದರ ನಿಕೋಟಿನ್ (ತಂಬಾಕಿನ ಅಮಲಿನ ಅಂಶ) ಒಸಡಿನಿಂದಲೇ ರಕ್ತಕ್ಕೆ ಸೇರುತ್ತದೆ. ಮೂರು ವರ್ಷದ ಮೈಗೆ ಒಂದು ಚಿಟಿಕೆಯೂ ಹೆಚ್ಚು.

ಅದು ಹಲ್ಲನ್ನು ಗಟ್ಟಿ ಮಾಡುತ್ತದೆ ಎಂದು ನಿಮಗೆ ಹಿರಿಯರು ಹೇಳಿಕೊಟ್ಟರು, ನಿಮ್ಮ ಕಾಲದಲ್ಲಿ ಅಂಗಡಿಯಲ್ಲೇ ಹಲ್ಲುಪುಡಿ ಎಂದು ಮಾರುತ್ತಿದ್ದರು. ನಂಬದೆ ಏನು ಮಾಡುತ್ತೀರಿ? ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಹಾಕಬಾರದೆಂದು ಕೇಂದ್ರ ಸರ್ಕಾರ ನಿಷೇಧಿಸಿದ್ದು 1992ರಲ್ಲಿ. ಮಿಶ್ರಿಯಿಂದ ಒಸಡು ಹಲ್ಲನ್ನು ಬಿಟ್ಟು ಕೆಳಗಿಳಿಯುತ್ತದೆ, ಬಾಯಿಯ ಕ್ಯಾನ್ಸರಿಗೂ ದಾರಿಯಾಗುತ್ತದೆ. ಬೆಳಿಗ್ಗೆ ಹೊಟ್ಟೆ ಸಾಫ್ ಮಾಡಿಸುವುದೂ ಆ ನಿಕೋಟಿನ್ನೇ.

ಬಿಡಲಾಗುತ್ತದೆ. ನಿಮಗಿಂತ ಹಿರಿಯರು ಬಿಟ್ಟಿದ್ದಾರೆ. ದಿನಕ್ಕೆ ಎಷ್ಟು ಸಲ ತಿಕ್ಕುತ್ತೀರೋ ಅದರಲ್ಲಿ ಊಟದ ನಂತರದ್ದನ್ನು ಮೊದಲು ನಿಲ್ಲಿಸಿ, ಬೆಳಗಿನದನ್ನು ಕೊನೆಗೆ. ಬೆಳಿಗ್ಗೆ ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ರಾತ್ರಿ ಊಟಕ್ಕೆ ಸೊಪ್ಪು. ಸಿಡುಕು, ತಲೆನೋವು ಮೊದಲ ಕೆಲವು ವಾರ ಇರುತ್ತದೆ, ಆಮೇಲೆ ಇಳಿಯುತ್ತದೆ. ತಂಬಾಕು ಬಿಡಿಸಲೆಂದೇ ಸರ್ಕಾರದ ಉಚಿತ ದೂರವಾಣಿ ಇದೆ: 1800-11-2356. ಬಾಯಿಯಲ್ಲಿ ಬಿಳಿ ಇಲ್ಲವೇ ಕೆಂಪು ಮಚ್ಚೆ, ಎರಡು ವಾರದಲ್ಲಿ ಮಾಯದ ಹುಣ್ಣು ಇದ್ದರೆ ದಂತವೈದ್ಯರಿಗೆ ತೋರಿಸಿ. ಬಿಡುವ ತನಕ ಡಬ್ಬಿ ಕಪಾಟಿನಲ್ಲಿ ಬೀಗದೊಳಗಿರಲಿ, ಮಗುವಿನ ಎದುರಿಗೆ ತೆಗೆಯಬೇಡಿ.

ಸೊಸೆಗೆ ನೀವೇ ಒಂದು ಮಾತು ಹೇಳಿ: ಇನ್ನು ಮೇಲೆ ರಾತ್ರಿ ಮೊಮ್ಮಗಳ ಹಲ್ಲುಜ್ಜಿಸುವುದು ನನ್ನ ಕೆಲಸ ಎಂದು. ದುಡಿದು ದಣಿದು ಬಂದವರ ಮನೆಯಲ್ಲಿ ತಪ್ಪಿಹೋಗುವುದೇ ಆ ಹೊತ್ತಿನ ಉಜ್ಜುವಿಕೆ. ನಿಮ್ಮ ಮಾತು ಕೇಳಿದ ಮೇಲೂ ಅವಳು ಸುಮ್ಮನಿದ್ದರೆ ನನಗೆ ಬರೆಯಿರಿ.

ಪ್ರಶ್ನೆ: ಆರು ವರ್ಷದ ಮಗಳಿಗೆ ಕೆಳಗಿನ ಹಾಲುಹಲ್ಲು ಬೀಳುವ ಮೊದಲೇ ಅದರ ಹಿಂದೆ ಇನ್ನೆರಡು ಹಲ್ಲು ಬಂದಿವೆ. ಅದನ್ನು ತೋರಿಸಲು ಹೋದರೆ ಡಾಕ್ಟರು ದವಡೆಯ ಒಂದು ಹಾಲುಹಲ್ಲಿಗೆ ರೂಟ್ ಕೆನಾಲ್ ಮಾಡಿ ಸ್ಟೀಲ್ ಕ್ಯಾಪ್ ಹಾಕಬೇಕು ಎಂದರು. ಬೀಳುವ ಹಲ್ಲಿಗೆ ರೂಟ್ ಕೆನಾಲೇ? ಇದು ದುಡ್ಡಿನ ದಾರಿಯೋ, ನಿಜಕ್ಕೂ ಬೇಕೋ?
— ಓಝರ್ ಟೌನ್‌ಶಿಪ್, ನಾಸಿಕ್

ಉತ್ತರ: ಎರಡು ಸಾಲಿನ ಹಲ್ಲಿಗೆ ಚಿಂತೆ ಬೇಡ. ಆರರ ಸುಮಾರಿಗೆ ಇದು ಬಹಳ ಮಕ್ಕಳಲ್ಲಿ ಕಾಣುತ್ತದೆ. ಮುಂದಿನ ಹಾಲುಹಲ್ಲು ಅಲುಗಾಡುತ್ತಿದ್ದರೆ ಮಗಳೇ ನಾಲಿಗೆಯಿಂದ ಆಡಿಸುತ್ತಾ ಇರಲಿ. ಬಿದ್ದ ಮೇಲೆ ನಾಲಿಗೆ ಹೊಸ ಹಲ್ಲನ್ನು ಮುಂದಕ್ಕೆ ನೂಕುತ್ತದೆ. ಎರಡು ಮೂರು ತಿಂಗಳಾದರೂ ಬೀಳದಿದ್ದರೆ, ಅಲುಗಾಟವೇ ಇಲ್ಲದಿದ್ದರೆ ಆಗ ತೆಗೆಸಬೇಕು. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆ ಮೇಲೆ ಎಸೆಯಲು ಟೌನ್‌ಶಿಪ್ಪಿನಲ್ಲಿ ಸಗಣಿ ಸಿಗುವುದೋ ಇಲ್ಲವೋ, ಎಸೆಯುವ ಸಂಭ್ರಮ ಮಾತ್ರ ತಪ್ಪಿಸಬೇಡಿ.

ದವಡೆಯ ಹಲ್ಲಿನ ಬಗ್ಗೆ ನಿಮ್ಮ ಅನುಮಾನ ನ್ಯಾಯವಾದದ್ದೇ, ಕೇಳುವುದರಲ್ಲಿ ತಪ್ಪಿಲ್ಲ. ಡಾಕ್ಟರನ್ನು ಎರಡು ವಿಷಯ ಕೇಳಿ: ಎಕ್ಸ್‌ರೇಯಲ್ಲಿ ಹುಳುಕು ಪಲ್ಪ್‌ನ (ಹಲ್ಲಿನೊಳಗಿನ ನರ ಮತ್ತು ರಕ್ತನಾಳವಿರುವ ತಿರುಳು) ತನಕ ಹೋಗಿದೆಯೇ, ಈ ಹಲ್ಲು ಇನ್ನೆಷ್ಟು ವರ್ಷ ಬಾಯಲ್ಲಿರಬೇಕು. ಆರು ವರ್ಷದ ಮಗುವಿನ ದವಡೆಯ ಹಾಲುಹಲ್ಲು ಇನ್ನೂ ನಾಲ್ಕೈದು ವರ್ಷ ಅಗಿಯಬೇಕಾದದ್ದು. ಕೀವು ತುಂಬುವ ಹಾಗೆ ಬಿಟ್ಟರೆ ಕೆಳಗೆ ರೂಪುಗೊಳ್ಳುತ್ತಿರುವ ಹಲ್ಲಿಗೂ ಪೆಟ್ಟಾಗಬಹುದು. ಹಾಗಿದ್ದಾಗ ತಿರುಳನ್ನು ತೆಗೆದು, ಹಲ್ಲು ಬೀಳುವ ಕಾಲಕ್ಕೆ ಬೇರಿನ ಜೊತೆ ತಾನೂ ಕರಗುವ ಪೇಸ್ಟನ್ನು ತುಂಬುತ್ತಾರೆ. ಆ ಮೇಲೆ ಹಲ್ಲು ಒಡೆಯದಂತೆ ಕ್ಯಾಪ್. ಮಕ್ಕಳ ಸ್ಟೀಲ್ ಕ್ಯಾಪ್ ಅಳತೆಗೆ ತಕ್ಕಂತೆ ಸಿದ್ಧವಾಗಿಯೇ ಸಿಗುತ್ತದೆ. ಹಲ್ಲು ಬೀಳುವಾಗ ಅದರೊಂದಿಗೇ ಬಿದ್ದುಹೋಗುತ್ತದೆ. ಬಿಳಿ ಕ್ಯಾಪ್‌ಗೆ ಖರ್ಚು ಹೆಚ್ಚು, ಹಿಂದಿನ ಹಲ್ಲಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಮಗಳು ಹತ್ತು ದಾಟಿದ್ದರೆ ತೆಗೆದುಬಿಡಿ ಎನ್ನುತ್ತಿದ್ದೆ. ಆರಕ್ಕೆ ತೆಗೆಯಲೇಬೇಕಾದರೆ ಸ್ಪೇಸ್ ಮೇಂಟೇನರ್ (ಖಾಲಿ ಜಾಗ ಮುಚ್ಚಿಹೋಗದಂತೆ ಹಿಡಿದಿಡುವ ತಂತಿ) ಹಾಕಬೇಕಾದೀತು. ಮನಸ್ಸು ಒಪ್ಪದಿದ್ದರೆ ಎಕ್ಸ್‌ರೇ ಹಿಡಿದು ಇನ್ನೊಬ್ಬರಲ್ಲಿ ಕೇಳಿ, ಒಳ್ಳೆಯ ವೈದ್ಯರು ಅದಕ್ಕೆ ಬೇಸರಪಡುವುದಿಲ್ಲ. ಕೆನ್ನೆ ಊದಿ ಜ್ವರ ಬಂದರೆ ಮಾತ್ರ ಅಭಿಪ್ರಾಯ ಕೇಳುತ್ತಾ ಕೂರದೆ ಅದೇ ದಿನ ಹೋಗಬೇಕು.

ನೀವು ಕೇಳದ ಒಂದು ಮಾತು. ಇವತ್ತು ರಾತ್ರಿ ಟಾರ್ಚ್ ಹಿಡಿದು ಕೊನೆಯ ಹಾಲುಹಲ್ಲಿನ ಹಿಂದೆ ನೋಡಿ. ಆರನೇ ವರ್ಷದ ಸುಮಾರಿಗೆ ಅಲ್ಲಿ ಒಂದು ದೊಡ್ಡ ಹಲ್ಲು ಮೂಡುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ತಂದೆತಾಯಿ ಅದನ್ನು ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದು ಕಾಯಂ ಹಲ್ಲು, ಎಪ್ಪತ್ತು ವರ್ಷ ಅಗಿಯಬೇಕಾದದ್ದು. ಅದರ ಮೇಲಿನ ಆಳ ಗೆರೆಗಳಿಗೆ ಸೀಲೆಂಟ್ (ಗೆರೆ ಮುಚ್ಚುವ ತೆಳು ಲೇಪ) ಹಾಕಿಸಿದರೆ ಹುಳುಕು ಬಹಳ ಮಟ್ಟಿಗೆ ತಪ್ಪುತ್ತದೆ. ಅಷ್ಟು ಹಿಂದಕ್ಕೆ ಬ್ರಷ್ಷು ತಲುಪಿಸುವುದು ಮಗಳಿಂದಾಗದು. ಏಳೆಂಟು ವರ್ಷದವರೆಗೂ ರಾತ್ರಿ ನೀವೇ ಉಜ್ಜಿಸಿ.

ಪ್ರಶ್ನೆ: ಐದು ವರ್ಷದ ಮಗ ದಂತವೈದ್ಯರ ಬಾಗಿಲು ನೋಡಿದರೆ ಕಿರುಚುತ್ತಾನೆ. ಊಟ ಮಾಡದಿದ್ದರೆ ಡಾಕ್ಟರು ಸೂಜಿ ಚುಚ್ಚುತ್ತಾರೆ ಎಂದು ನಾವೇ ಹೆದರಿಸುತ್ತಿದ್ದೆವು. ಎಂಟು ಹಲ್ಲು ಹುಳುಕಾಗಿವೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಬೇಕು ಎಂದಿದ್ದಾರೆ. ಕೇಳಿದಾಗಿನಿಂದ ನನಗೇ ಕೈಕಾಲು ನಡುಗುತ್ತಿವೆ.
— ಸಿಡ್ಕೋ, ಛತ್ರಪತಿ ಸಂಭಾಜಿನಗರ

ಉತ್ತರ: ಮಗುವಿನ ಪ್ರಜ್ಞೆ ತಪ್ಪಿಸುತ್ತಾರೆ ಎಂದರೆ ಯಾವ ತಾಯಿಗೂ ನಡುಕ ಬರುತ್ತದೆ. ಎಂಟು ಹಲ್ಲು, ಸಹಕರಿಸದ ಮಗು ಎಂದಾಗ ಕೆಲವೊಮ್ಮೆ ಅದೇ ಸುರಕ್ಷಿತ ದಾರಿ. ಆದರೆ ಅದು ಮೊದಲ ದಾರಿಯಾಗಬೇಕಿಲ್ಲ. ನೋವು, ಬಾವು ಇಲ್ಲದಿದ್ದರೆ ಕೆಲವು ವಾರ ಸಮಯ ಕೇಳಿಕೊಳ್ಳಿ. ಆ ಕಾಲದಲ್ಲಿ ಸಿಹಿ ಕಡಿಮೆ ಮಾಡಿ, ರಾತ್ರಿ ಉಜ್ಜಿಸಿ, ಮೊದಲ ಉತ್ತರದಲ್ಲಿ ಹೇಳಿದ ಹುಳುಕು ತಡೆಯುವ ದ್ರವ ಹಚ್ಚಿಸಬಹುದೇ ಎಂದು ಕೇಳಿ.

ನಿಮ್ಮ ಮನೆಗೆ ವಿಶೇಷವಾದ ಒಂದು ತೊಡಕಿದೆ. ಮಗ ಮನೆಯಲ್ಲಿ ಕನ್ನಡ ಕೇಳಿ ಬೆಳೆದವನು. ಕ್ಲಿನಿಕ್ಕಿನಲ್ಲಿ ಡಾಕ್ಟರು ಮರಾಠಿಯಲ್ಲಿ ಸಮಾಧಾನ ಮಾಡುತ್ತಾರೆ, ಸಿಸ್ಟರ್ ಹಿಂದಿಯಲ್ಲಿ. ಶಾಲೆಯಲ್ಲಿ ಎರಡೂ ಮಾತಾಡುವ ಮಗುವಾದರೂ ಹೆದರಿದಾಗ ಕಿವಿಗೆ ಇಳಿಯುವುದು ತಾಯಿಯ ಮಾತು ಮಾತ್ರ. ಆದ್ದರಿಂದ ಹಿಂದಿನ ದಿನವೇ ಮನೆಯಲ್ಲಿ ಕನ್ನಡದಲ್ಲಿ ಆಡಿಸಿ: ಒರಗುವ ಕುರ್ಚಿ, ಬಾಯಿಗೆ ದೀಪ, ಪುಟ್ಟ ಕನ್ನಡಿ, ನೀರು ಹೀರುವ ಕೊಳವೆಯ ಸದ್ದು. ಮೊದಲು ಮಗ ಡಾಕ್ಟರಾಗಲಿ, ನೀವು ಬಾಯಿ ತೆರೆಯಿರಿ. ಮಕ್ಕಳ ದಂತವೈದ್ಯರು ಮಾಡುವುದೂ ಹೀಗೆಯೇ, ಹೇಳಿ, ತೋರಿಸಿ, ಆಮೇಲೆ ಮಾಡುತ್ತಾರೆ. ಕುರ್ಚಿಯ ಪಕ್ಕ ನಿಂತು ಅವರ ಮಾತನ್ನು ಕನ್ನಡದಲ್ಲಿ ಹೇಳಲು ಅನುಮತಿ ಕೇಳಿ. "ನೋವೇ ಆಗಲ್ಲ" ಎಂದು ಮಾತ್ರ ಹೇಳಬೇಡಿ. ಸ್ವಲ್ಪ ಆದರೂ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. "ಏನಾದರೂ ಆದರೆ ಕೈ ಎತ್ತು, ನಿಲ್ಲಿಸುತ್ತಾರೆ" ಎನ್ನಿ. ಸೂಜಿಯ ಬೆದರಿಕೆ ಇವತ್ತಿಗೇ ನಿಲ್ಲಲಿ, ಅಜ್ಜ ಅಜ್ಜಿಯರಿಗೂ ಹೇಳಿ.

ಮೊದಲ ಭೇಟಿಯಲ್ಲಿ ಹಲ್ಲು ಎಣಿಸಿ ಬಂದರೆ ಸಾಕು. ಕೆಲವು ಕಡೆ ನೈಟ್ರಸ್ ಆಕ್ಸೈಡ್ (ಮೂಗಿನ ಮೂಲಕ ಕೊಡುವ, ಎಚ್ಚರವಿದ್ದೂ ಭಯ ಇಳಿಸುವ ಅನಿಲ) ಸಿಗುತ್ತದೆ. ಇದಾವುದೂ ಆಗದೆ ಜನರಲ್ ಅನೆಸ್ತೇಶಿಯಾ (ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ) ಬೇಕೇಬೇಕು ಎಂದಾದರೆ, ಅದಕ್ಕೆಂದೇ ಅರಿವಳಿಕೆ ತಜ್ಞರು ಇರುವ, ತುರ್ತು ವ್ಯವಸ್ಥೆಯುಳ್ಳ ಆಸ್ಪತ್ರೆಯಲ್ಲೇ ಮಾಡಿಸಿ, ಎಂಟೂ ಹಲ್ಲು ಒಂದೇ ಸಲಕ್ಕೆ ಮುಗಿಯಲಿ. ಎಷ್ಟು ಗಂಟೆಯಿಂದ ಏನೂ ತಿನ್ನಿಸಬಾರದು ಎಂದು ಹೇಳುತ್ತಾರೋ ಅದನ್ನು ಚಾಚೂ ತಪ್ಪದೆ ಪಾಲಿಸಿ. ನಿಮ್ಮೂರಿನಲ್ಲೇ ಸರ್ಕಾರಿ ದಂತ ಮಹಾವಿದ್ಯಾಲಯವಿದೆ, ಘಾಟಿ ಆಸ್ಪತ್ರೆ ಎಂದು ಕೇಳಿದರೆ ರಿಕ್ಷಾದವರು ಆ ಕಡೆ ಬಿಡುತ್ತಾರೆ. ಎರಡನೆಯ ಅಭಿಪ್ರಾಯಕ್ಕೆ ಅಲ್ಲಿಗೆ ಹೋಗಿ ಬನ್ನಿ.

ಪ್ರಶ್ನೆ: ಆಡುವಾಗ ಬಿದ್ದು ಹಲ್ಲು ಪೂರ್ತಿ ಕಳಚಿ ಬಂದರೆ ಏನು ಮಾಡಬೇಕು? ಮಕ್ಕಳಿಬ್ಬರು, ಮೂರು ಮತ್ತು ಒಂಬತ್ತು ವರ್ಷ.
— ಗಂಗಾಪುರ ರೋಡ್, ನಾಸಿಕ್

ಉತ್ತರ: ಬೀಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಮೂರು ವರ್ಷದವರದು ಹಾಲುಹಲ್ಲು, ಅದನ್ನು ತಿರುಗಿ ಕೂರಿಸಲು ಹೋಗಬೇಡಿ, ಒಳಗಿನ ಹಲ್ಲಿಗೆ ಪೆಟ್ಟಾಗುತ್ತದೆ. ಶುಭ್ರ ಬಟ್ಟೆ ಒತ್ತಿ ರಕ್ತ ನಿಲ್ಲಿಸಿ ವೈದ್ಯರಿಗೆ ತೋರಿಸಿದರೆ ಸಾಕು.

ಒಂಬತ್ತು ವರ್ಷದವರ ಮುಂದಿನ ಹಲ್ಲು ಕಾಯಂ ಹಲ್ಲು, ಅದನ್ನು ಉಳಿಸಬಹುದು. ಹುಡುಕಿ ಎತ್ತಿಕೊಳ್ಳಿ, ಬಿಳಿ ಭಾಗವನ್ನಷ್ಟೇ ಹಿಡಿಯಿರಿ, ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ತಣ್ಣೀರಲ್ಲಿ ಕೆಲವೇ ಕ್ಷಣ ಹಿಡಿದು, ಬಂದ ಜಾಗಕ್ಕೇ ಕೂರಿಸಿ, ಬಟ್ಟೆ ಕಚ್ಚಿಸಿ. ಧೈರ್ಯ ಬರದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ ಒಯ್ಯಿರಿ. ನೀರಿನಲ್ಲಿ ಇಡಬೇಡಿ, ಕರವಸ್ತ್ರದಲ್ಲಿ ಸುತ್ತಿ ಒಣಗಿಸಬೇಡಿ. ಅರ್ಧ ಗಂಟೆಯೊಳಗೆ ಕೂರಿಸಿದರೆ ಬದುಕುವ ಸಾಧ್ಯತೆ ಹೆಚ್ಚು, ಗಂಟೆ ಕಳೆದಂತೆ ಕುಗ್ಗುತ್ತದೆ. ಆದ್ದರಿಂದ ಮನೆ ಬಿಡುವಾಗಲೇ ಕ್ಲಿನಿಕ್ಕಿಗೆ ಫೋನು ಮಾಡಿ, ಕಳಚಿದ ಹಲ್ಲು ತರುತ್ತಿದ್ದೇವೆ ಎಂದು ಹೇಳಿಬಿಡಿ. ಆ ನಂಬರನ್ನು ಇವತ್ತೇ ಫೋನಿನಲ್ಲಿ ಉಳಿಸಿಕೊಂಡು, ಮಕ್ಕಳ ಶಾಲೆಯ ಆಟದ ಮೇಷ್ಟರಿಗೂ ಕೊಟ್ಟಿರಿ.